ತೂಕ ಇಳಿಯಿತು, ಕುರ್ಚಿಯಿಂದ ಏಳುವುದು ಮಾತ್ರ ಕಷ್ಟವಾಯಿತು. ಇದೇನು ಕಥೆ?

ಮೂರನೇಮಹಡಿ
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 71 ವರ್ಷ. ಎರಡೂ ಮಂಡಿ ಸವೆದಿವೆ. ತೂಕ 86 ಕಿಲೋ ಇತ್ತು. "ಮೊದಲು ತೂಕ ಇಳಿಸಿ, ಆಮೇಲೆ ಮಂಡಿಯ ಮಾತು" ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದರು. ಅಮ್ಮ ಹಟವಾದಿ. ಊಟ ಅರ್ಧಕ್ಕೆ ಇಳಿಸಿದರು, ರಾತ್ರಿಯ ಊಟ ಬಿಟ್ಟೇಬಿಟ್ಟರು. ಈಗ 76 ಕಿಲೋ. ಸಕ್ಕರೆ ಹತೋಟಿಗೆ ಬಂದಿದೆ, ಮಂಡಿ ನೋವೂ ಕಡಿಮೆ. ನೋಡಿದವರೆಲ್ಲ ಭೇಷ್ ಎನ್ನುತ್ತಿದ್ದಾರೆ.

ಸಮಸ್ಯೆ ಏನೆಂದರೆ, ಸೋಫಾದಿಂದ ಏಳುವಾಗ ಈಗ ಎರಡೂ ಕೈ ಊರಬೇಕು. ಮೊದಲು ಹೀಗಿರಲಿಲ್ಲ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಮೈಯನ್ನು ಎಳೆದುಕೊಳ್ಳುತ್ತಾರೆ. ಡಬ್ಬಿಯ ಮುಚ್ಚಳ ತೆಗೆಯಲು ನನ್ನನ್ನು ಕರೆಯುತ್ತಾರೆ. ನೋವಿಲ್ಲ, ಆದರೆ "ಕಾಲಲ್ಲಿ ಕಸುವೇ ಇಲ್ಲ" ಅನ್ನುತ್ತಾರೆ. ಹೊರೆ ಕಡಿಮೆಯಾದ ಮೇಲೆ ಓಡಾಟ ಸಲೀಸಾಗಬೇಕಿತ್ತು, ಅಲ್ವಾ? ಇದು ಬರೀ ವಯಸ್ಸಾ, ಇಲ್ಲ ತೂಕ ಇಳಿಸಿದ ರೀತಿಯಲ್ಲೇ ಏನಾದರೂ ಎಡವಟ್ಟಾ? ವಯಸ್ಸಾದವರಿಗೆ ಸ್ವಲ್ಪ ದಪ್ಪ ಇದ್ದರೇ ಒಳ್ಳೆಯದು ಎನ್ನುವವರೂ ಇದ್ದಾರೆ. ತಲೆ ಕೆಟ್ಟುಹೋಗಿದೆ.

ತೂಕದಕಲ್ಲು
ಗಾಬರಿ ಬೇಡ. 71ಕ್ಕೆ ಕಸುವು ಇಳಿಯುವುದು ಸಹಜ. ಅದಕ್ಕೂ ತೂಕ ಇಳಿದದ್ದಕ್ಕೂ ಗಂಟು ಹಾಕಬೇಡಿ. ಮಂಡಿಯ ಲೆಕ್ಕ ನೋಡಿ. ಮಂಡಿ ಸವೆತ ಇರುವ, ತೂಕ ಜಾಸ್ತಿ ಇರುವ ಹಿರಿಯರನ್ನು ನಡೆಸಿ ಅಳೆದ ಅಧ್ಯಯನ 2005ರಲ್ಲಿ ಬಂದಿತ್ತು. ಮೈಯಿಂದ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಭಾರ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ನಿಮ್ಮ ಅಮ್ಮ ಹೆಜ್ಜೆ ಹೆಜ್ಜೆಗೂ 40 ಕಿಲೋ ಉಳಿಸುತ್ತಿದ್ದಾರೆ. ಹೀಗೇ ಮುಂದುವರಿಯಲಿ, ಇನ್ನೂ ಹತ್ತು ಕಿಲೋ ಇಳಿಸಲಿ.

ಫಿಸಿಯೋಅಕ್ಕ
ಇನ್ನೂ ಹತ್ತು ಕಿಲೋ ಹೀಗೇ ಇಳಿಸುವುದು ಬೇಡ! ನಾನು ಫಿಸಿಯೋಥೆರಪಿಸ್ಟ್. ಈ ದೂರು ಹೇಳಿಕೊಂಡು ಬರುವವರು ಒಬ್ಬಿಬ್ಬರಲ್ಲ.

ತೂಕದ ಯಂತ್ರಕ್ಕೆ ಕೊಬ್ಬು ಯಾವುದು, ಮಾಂಸಖಂಡ ಯಾವುದು ಗೊತ್ತಿಲ್ಲ. ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದರೆ ಹೋಗುವುದರಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಪಾಲು, ಅದರಲ್ಲಿ ಮಾಂಸಖಂಡವೂ ಸೇರಿದೆ. ಹತ್ತರಲ್ಲಿ ಎರಡೂವರೆ ಕಿಲೋ ಎಂದುಕೊಳ್ಳಿ. ಮೂವತ್ತರ ವಯಸ್ಸಿನವರಿಗೆ ಅದು ವಾಪಸ್ ಬರುತ್ತದೆ. ಎಪ್ಪತ್ತರಲ್ಲಿ ಸುಮ್ನೆ ಕೂತರೆ ಬರುವುದಿಲ್ಲ. ಸಾಲದ್ದಕ್ಕೆ, ಮುಂದೆ ಎಂದಾದರೂ ತೂಕ ಮತ್ತೆ ಏರಿದರೆ ಬರುವುದು ಹೆಚ್ಚಾಗಿ ಕೊಬ್ಬೇ. ಅಂದರೆ ಅದೇ 86 ಕಿಲೋ, ಆದರೆ ಮೊದಲಿಗಿಂತ ಸೊರಗಿದ ಕಾಲು.

ಮೂರನೇಮಹಡಿ, ಒಂದು ಪರೀಕ್ಷೆ ಮಾಡಿಸಿ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿ, ಕೂರುವ ಎತ್ತರ ಸುಮಾರು 43 ಸೆಂಟಿಮೀಟರ್. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಬೇಕು. ಐದು ಸಲ ಪೂರ್ತಿ ಎದ್ದು ಕೂರಬೇಕು. ಎಷ್ಟು ಸೆಕೆಂಡ್ ಎಂದು ನೋಡಿ. ವಯಸ್ಸಾದವರ ಮಾಂಸಖಂಡ ಸೊರಗುವುದಕ್ಕೆ ಮಾನದಂಡ ಹಾಕುವ ಯುರೋಪಿನ ತಜ್ಞರ ಗುಂಪು 15 ಸೆಕೆಂಡ್ ಮೀರಿದರೆ ಬಲ ಕುಗ್ಗಿದೆ ಎನ್ನುತ್ತದೆ. ಅಂಥದ್ದೇ ಏಷ್ಯಾದ ಗುಂಪು 2019ರಲ್ಲಿ 12ಕ್ಕೇ ಗೆರೆ ಎಳೆದಿದೆ. ನೀವು ಪಕ್ಕದಲ್ಲೇ ನಿಂತಿರಿ. ತಲೆ ಸುತ್ತಿದರೆ, ಎದೆ ನೋವು ಬಂದರೆ ನಿಲ್ಲಿಸಿ.

ಸುಮ್ನೆಓದುಗ
ಆಫೀಸಿನಲ್ಲಿ ಕೂತು ಇದನ್ನು ಓದಿ ಐದು ಸಲ ಎದ್ದು ಕೂತೆ. ಪಕ್ಕದವರು ನೀರು ತಂದುಕೊಟ್ಟರು.

ಎಪ್ಪತ್ತಾರು
ಸುಮ್ನೆಓದುಗ, ನಿಮ್ಮ ವಯಸ್ಸೆಷ್ಟು?

ಸುಮ್ನೆಓದುಗ
38. ಮುಂದಿನ ಪ್ರಶ್ನೆ ಬೇಡ ಸರ್.

ಅಂಕಿಸಂಖ್ಯೆ
ಇದು ಊಹೆಯ ವಿಷಯವಲ್ಲ, ನೇರವಾಗಿ ಪರೀಕ್ಷೆ ಮಾಡಿಯಾಗಿದೆ. 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ವಿಲ್ಲಾರಿಯಲ್ ತಂಡದ ಪ್ರಯೋಗ ನೋಡಿ. 65 ದಾಟಿದ, ಬೊಜ್ಜು ಇರುವ 107 ಜನ. ನಾಲ್ಕು ಗುಂಪು: ಬರೀ ಪಥ್ಯ, ಬರೀ ವ್ಯಾಯಾಮ, ಎರಡೂ, ಏನೂ ಇಲ್ಲ. ಒಂದು ವರ್ಷ ನಡೆಸಿದರು. ದೇಹದ ಸಾಮರ್ಥ್ಯದ ಅಂಕ ಪಥ್ಯದವರಲ್ಲಿ ಶೇ 12 ಏರಿತು, ವ್ಯಾಯಾಮದವರಲ್ಲಿ ಶೇ 15, ಎರಡೂ ಮಾಡಿದವರಲ್ಲಿ ಶೇ 21. ಏನೂ ಮಾಡದವರಲ್ಲಿ ಶೇ 1.

ತೂಕ ಮಾತ್ರ ಪಥ್ಯದವರಲ್ಲೂ, ಎರಡೂ ಮಾಡಿದವರಲ್ಲೂ ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು. ಒಬ್ಬರಿಗೆ ಶೇ 10, ಇನ್ನೊಬ್ಬರಿಗೆ ಶೇ 9. ಯಂತ್ರದ ಮೇಲೆ ನಿಲ್ಲಿಸಿದರೆ ಎರಡು ಗುಂಪಿಗೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ.

ತೂಕದಕಲ್ಲು
ನೀವೇ ಹೇಳಿದಿರಲ್ಲ, ಬರೀ ಪಥ್ಯದವರದ್ದೂ ಶೇ 12 ಏರಿತು ಅಂತ. ಇಳಿಯಲಿಲ್ಲವಲ್ಲ! ನನ್ನ ಮಾತೂ ಅದೇ. ತೂಕ ಇಳಿದರೆ ಓಡಾಟ ಸುಧಾರಿಸುತ್ತದೆ. ಫಿಸಿಯೋಅಕ್ಕ ಸುಮ್ನೆ ಹೆದರಿಸುತ್ತಿದ್ದಾರೆ.

ಅಂಕಿಸಂಖ್ಯೆ
ಒಪ್ಪಿದೆ, ಏರಿತು. ಆದರೆ ಅದೇ ಪಥ್ಯದ ಗುಂಪಿನಲ್ಲಿ ಕೊಬ್ಬಲ್ಲದ ತೂಕ ಶೇ 5 ಹೋಯಿತು, ಸೊಂಟದ ಮೂಳೆಯ ಸಾಂದ್ರತೆ ಶೇ 3 ಕುಸಿಯಿತು. ಜೊತೆಗೆ ವ್ಯಾಯಾಮ ಮಾಡಿದವರಲ್ಲಿ ಅದು ಶೇ 3 ಮತ್ತು ಶೇ 1. ಒಂದು ವರ್ಷದ ಮಟ್ಟಿಗೆ ಹೊರೆ ಇಳಿದ ಲಾಭ ಗೆದ್ದಿತು. ಮೂಳೆಯ ನಷ್ಟ ಮುಂದೆ ಯಾವಾಗ ಲೆಕ್ಕಕ್ಕೆ ಬರುತ್ತದೋ ಗೊತ್ತಿಲ್ಲ, ಪ್ರಯೋಗ ಒಂದು ವರ್ಷಕ್ಕೇ ಮುಗಿದಿತ್ತು.

ಇನ್ನೂ ಒಂದು ವಿಷಯ. ಅವರ ಪಥ್ಯ ಎಂದರೆ ದಿನಕ್ಕೆ 500ರಿಂದ 750 ಕ್ಯಾಲೊರಿ ಕಡಿಮೆ, ಜೊತೆಗೆ ತೂಕದ ಪ್ರತಿ ಕಿಲೋಗೆ ಸುಮಾರು ಒಂದು ಗ್ರಾಂ ಪ್ರೋಟೀನ್. ಆಹಾರ ತಜ್ಞರು ಜೊತೆಗಿದ್ದು ಮಾಡಿಸಿದ್ದು. ರಾತ್ರಿ ಊಟ ಬಿಟ್ಟು, ಹಗಲು ಅರ್ಧ ಉಣ್ಣುವುದು ಆ ಪಥ್ಯ ಅಲ್ಲವೇ ಅಲ್ಲ.

ಮಂಡಿಪುರಾಣ
ಗಾಡಿಯ ಹೊರೆ ಇಳಿಸಿದಿರಿ, ಒಳ್ಳೆಯದೇ. ಜೊತೆಗೆ ಎತ್ತಿಗೂ ಮೇವು ಹಾಕಲಿಲ್ಲ. ಈಗ ಗಾಡಿ ಏಕೆ ಹೊರಡುತ್ತಿಲ್ಲ ಎಂದು ಕೇಳುತ್ತಿದ್ದೀರಿ.

ಸುಮ್ನೆಓದುಗ
ಚರ್ಚೆ ಇಲ್ಲಿಗೇ ಮುಗಿಸಬಹುದು ನೋಡಿ.

ಎಪ್ಪತ್ತಾರು
ಮುಗಿಸಬೇಡಿ, ನಮ್ಮಂಥ ಸಣಕಲರ ಕಥೆಯನ್ನೂ ಕೇಳಿ. ನನಗೆ 76 ವರ್ಷ, ತೂಕ 48 ಕಿಲೋ. ಜೀವಮಾನವಿಡೀ ಇಷ್ಟೇ. ಎಲ್ಲಿಗೆ ಹೋದರೂ "ನಿಮಗೇನು ಬಿಡಿ ಸರ್, ಕಡ್ಡಿಯ ಹಾಗೆ ಇದ್ದೀರಿ, ಯಾವ ಕಾಯಿಲೆಯೂ ಹತ್ತಿರ ಬರುವುದಿಲ್ಲ" ಎಂಬ ಮಾತು. ಡಾಕ್ಟರುಗಳೂ ನನ್ನ ತೂಕ ನೋಡಿ ಖುಷಿಪಟ್ಟು ಮುಂದಿನ ಪುಟ ತಿರುಗಿಸುತ್ತಾರೆ. ನೀವು ಎಷ್ಟು ಭಾರ ಎತ್ತಬಲ್ಲಿರಿ ಎಂದು ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಉತ್ತರ ಹೇಳಲು ನಾಚಿಕೆಯಾಗುತ್ತಿತ್ತು. ಕೈಯಲ್ಲೊಂದು ತುಂಬಿದ ಚೀಲ ಹಿಡಿದರೆ ಇಡೀ ಮೈ ಆ ಕಡೆ ವಾಲುತ್ತದೆ.

ಹಿಂದೆ ಒಂದು ಆಪರೇಷನ್ ಆಯಿತು. ಹಾಸಿಗೆಯಲ್ಲಿ ಮಲಗಿದ್ದು ಹೆಚ್ಚು ದಿನವಲ್ಲ. ಎದ್ದು ನಿಂತಾಗ ತೊಡೆ ಗಡಗಡ ನಡುಗುತ್ತಿತ್ತು. ಪ್ಯಾಂಟಿನೊಳಗೆ ಕಾಲು ಎಲ್ಲಿದೆ ಎಂದು ಹುಡುಕಬೇಕಿತ್ತು. ದಪ್ಪ ಇದ್ದವರಿಗೆ "ತೂಕ ಇಳಿಸಿ" ಎಂದಾದರೂ ಹೇಳುತ್ತಾರೆ. ನಮಗೆ ಯಾರೂ ಏನೂ ಹೇಳುವುದಿಲ್ಲ.

ಫಿಸಿಯೋಅಕ್ಕ
ಎಪ್ಪತ್ತಾರು ಸರ್, ನೀವು ಬರೆದದ್ದು ಬಹಳ ಮುಖ್ಯ. ಆರೋಗ್ಯವಾಗಿದ್ದ ಹಿರಿಯರನ್ನು ಬೇಕೆಂದೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ಅಳೆದ ಅಧ್ಯಯನ 2007ರಲ್ಲಿ ಬಂದಿತ್ತು. ಬರೀ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಕೊಬ್ಬಲ್ಲದ ತೂಕ ಹೋಗಿತ್ತು. ಅದೂ ಕಾಯಿಲೆ ಇಲ್ಲದವರಲ್ಲಿ. ಮೊದಲೇ ಕಡಿಮೆ ಇರುವವರಿಗೆ ಆ ಒಂದು ಕಿಲೋ ಎಂದರೆ ಏಳುವುದಕ್ಕೂ ಏಳಲಾಗದೆ ಇರುವುದಕ್ಕೂ ಇರುವ ವ್ಯತ್ಯಾಸ.

ಮೂಳೆಯ ವಿಷಯದಲ್ಲೂ ಸಣ್ಣ ಇರುವವರಿಗೆ ಅಪಾಯ ಜಾಸ್ತಿ. ಬಿಎಂಐ (ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ) 25 ಇರುವವರಿಗೆ ಹೋಲಿಸಿದರೆ 20 ಇರುವವರಲ್ಲಿ ಸೊಂಟದ ಮೂಳೆ ಮುರಿಯುವ ಅಪಾಯ ಸುಮಾರು ಎರಡು ಪಟ್ಟು. ಬಿದ್ದಾಗ ತಡೆಯಲು ಸೊಂಟದ ಸುತ್ತ ಮೆತ್ತೆಯೂ ಇಲ್ಲ, ಮೂಳೆಯೂ ತೆಳು.

ಮೂರನೇಮಹಡಿ
ಹಾಗಾದರೆ ಸ್ವಲ್ಪ ದಪ್ಪ ಇರುವುದೇ ಒಳ್ಳೆಯದು ಎನ್ನುವುದು ನಿಜ ತಾನೇ?

ಫಿಸಿಯೋಅಕ್ಕ
ಸೊಂಟದ ಮೂಳೆಯ ಮಟ್ಟಿಗೆ ಮಾತ್ರ. ಬೊಜ್ಜು ಇರುವವರು ಬೀಳುವುದೇ ಜಾಸ್ತಿ. ಅವರಲ್ಲಿ ಕಣಕಾಲು, ಭುಜದ ಕೆಳಗಿನ ಮೂಳೆ ಮುರಿತ ಹೆಚ್ಚು. ಬಿದ್ದ ಮೇಲೆ ನೆಲದಿಂದ ಏಳುವುದು ಇನ್ನೊಂದು ಸಾಹಸ. ಹಾಗಾಗಿ "ದಪ್ಪ ಒಳ್ಳೆಯದು" ಎಂದು ಸಾರಾಸಗಟಾಗಿ ಹೇಳಲು ಬರುವುದಿಲ್ಲ.

ಅಂಕಿಸಂಖ್ಯೆ
ದಪ್ಪಗಿರುವ ವೃದ್ಧರು ಜಾಸ್ತಿ ಬದುಕುತ್ತಾರೆ ಎಂಬ ಮಾತಿನಲ್ಲಿ ಒಂದು ಮೋಸ ಇದೆ. ಒಳಗೊಳಗೇ ಕಾಯಿಲೆ ಶುರುವಾದವರು ಮೊದಲು ಸಣ್ಣಗಾಗುತ್ತಾರೆ, ಆಮೇಲೆ ಸಾಯುತ್ತಾರೆ. ಅಂಕಿಯಲ್ಲಿ ಅವರು "ಸಣ್ಣ ಇದ್ದು ಸತ್ತವರು" ಎಂದು ದಾಖಲಾಗುತ್ತಾರೆ. ಸಣ್ಣಗಿದ್ದದ್ದಕ್ಕೆ ಸತ್ತರೋ, ಸಾಯುವ ಕಾಯಿಲೆ ಇದ್ದದ್ದಕ್ಕೆ ಸಣ್ಣಗಾದರೋ? ಸರಿ, ಅದನ್ನು ಕಳೆದರೂ ವಯಸ್ಸಾದವರಿಗೆ ಬಿಎಂಐ 25ರಿಂದ 30ರ ನಡುವೆ ಆಯುಷ್ಯಕ್ಕೆ ದೊಡ್ಡ ಹಾನಿ ಕಾಣುವುದಿಲ್ಲ ಎನ್ನುವ ಅಧ್ಯಯನಗಳು ಬೇಕಾದಷ್ಟಿವೆ. ಆದರೆ ಇಲ್ಲಿ ಪ್ರಶ್ನೆ ಎಷ್ಟು ವರ್ಷ ಬದುಕುತ್ತಾರೆ ಎಂಬುದಲ್ಲ. ಮೆಟ್ಟಿಲು ಹತ್ತುತ್ತಾರಾ ಎಂಬುದು. ಅದಕ್ಕೂ ಇದಕ್ಕೂ ಒಂದೇ ಉತ್ತರ ಇರಬೇಕಾಗಿಲ್ಲ.

ತೂಕದಕಲ್ಲು
ಎಲ್ಲರೂ ಬಿಎಂಐಯನ್ನು ಬೈಯುವುದು ಈಗ ಫ್ಯಾಷನ್. ಅದಕ್ಕಿಂತ ಒಳ್ಳೆಯ ಅಳತೆ ಇದ್ದರೆ ಹೇಳಿ ಮತ್ತೆ.

ಅಂಕಿಸಂಖ್ಯೆ
ಬೈಯುತ್ತಿಲ್ಲ. ಆ ಸೂತ್ರ ಬೆಲ್ಜಿಯಂನ ಕೆಟ್ಲೆ 19ನೇ ಶತಮಾನದಲ್ಲಿ ಜನಸಮೂಹದ ಲೆಕ್ಕಕ್ಕೆ ಕಂಡುಕೊಂಡದ್ದು. ಬಿಎಂಐ ಎಂಬ ಹೆಸರು ಬಂದದ್ದು 1972ರಲ್ಲಿ. ಒಬ್ಬೊಬ್ಬರ ಕಾಲಿನ ಬಲ ಹೇಳಲಿ ಎಂದು ಯಾರೂ ಮಾಡಿದ್ದಲ್ಲ.

ವಯಸ್ಸಾದವರಲ್ಲಿ ಇನ್ನೊಂದು ತಮಾಷೆ ಇದೆ. ಬೆನ್ನು ಬಾಗಿ, ಬೆನ್ನುಮೂಳೆಯ ನಡುವಿನ ಮೆತ್ತೆಗಳು ಕುಗ್ಗಿ ಎತ್ತರ ಕಡಿಮೆಯಾಗುತ್ತದೆ. 170 ಸೆಂಟಿಮೀಟರ್ ಇದ್ದವರು 165ಕ್ಕೆ ಇಳಿದರು ಎನ್ನಿ. ತೂಕ 70 ಕಿಲೋ, ಒಂದು ಗ್ರಾಂ ಕೂಡ ಏರಿಲ್ಲ. ಬಿಎಂಐ 24.2 ಇದ್ದದ್ದು 25.7 ಆಗುತ್ತದೆ. ಏನೂ ತಿನ್ನದೆಯೇ "ತೂಕ ಜಾಸ್ತಿ" ಪಟ್ಟಿಗೆ ಸೇರಿಬಿಟ್ಟರು!

ಇನ್ನು ಬಲದ ಮಾತು. ಅಮೆರಿಕದಲ್ಲಿ 70ರಿಂದ 79 ವರ್ಷದ ಮೂರು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಇದೆ. ಮಾಂಸಖಂಡದ ಗಾತ್ರ ಕುಗ್ಗುವುದಕ್ಕಿಂತ ಸುಮಾರು ಮೂರು ಪಟ್ಟು ವೇಗವಾಗಿ ಕಾಲಿನ ಬಲ ಕುಗ್ಗಿತ್ತು. ತೂಕ ಕಾಯ್ದುಕೊಂಡವರಲ್ಲೂ ಬಲ ಇಳಿದಿತ್ತು. ಅಂದರೆ ಇರುವ ಮಾಂಸಖಂಡವೇ ಮೊದಲಿನಷ್ಟು ಕೆಲಸ ಮಾಡುವುದಿಲ್ಲ. ಒಳಗೆ ಕೊಬ್ಬು ಹೊಕ್ಕಿರುತ್ತದೆ, ನರಗಳ ಸಂಪರ್ಕ ಸಡಿಲವಾಗಿರುತ್ತದೆ.

ಅದಕ್ಕೇ ಒಳ್ಳೆಯ ಅಳತೆ ಯಾವುದು ಎಂದರೆ ನಡೆಯುವ ವೇಗ, ಹಿಡಿತದ ಬಲ, ಕುರ್ಚಿಯಿಂದ ಏಳುವುದು. ಮೂರಕ್ಕೂ ತೂಕದ ಯಂತ್ರ ಬೇಡ.

ಬೆಳಗಿನನಡಿಗೆ
ಇಷ್ಟೆಲ್ಲ ಯಾಕೆ? ದಿನಾ ನಡೆಯಲಿ ಸಾಕು. ನಾನು 68, ದಿನಾ ಒಂದು ಗಂಟೆ ನಡೆಯುತ್ತೇನೆ. ಯಾವ ಬಲದ ಪರೀಕ್ಷೆಯೂ ಬೇಕಾಗಿಲ್ಲ.

ಮಂಡಿಪುರಾಣ
ನಡೆಯುವ ಮೊದಲು ಕುರ್ಚಿಯಿಂದ ಏಳಬೇಕಲ್ಲ ಸ್ವಾಮಿ.

ಫಿಸಿಯೋಅಕ್ಕ
ನಡಿಗೆ ಬಿಡಬೇಡಿ, ಹೃದಯಕ್ಕೆ ಬಹಳ ಒಳ್ಳೆಯದು. ಆದರೆ ಸಮತಟ್ಟಾದ ಜಾಗದಲ್ಲಿ ನಡೆಯುವಾಗ ತೊಡೆಗೆ ಬೀಳುವ ಕೆಲಸ ಕಡಿಮೆ. ದಿನಾ ನಡೆಯುವವರು ಬಗ್ಗಿ ಕೂತು ಏಳಲಾರದೆ ಒದ್ದಾಡುವುದನ್ನು ನಾನು ನೋಡುತ್ತಲೇ ಇರುತ್ತೇನೆ.

ಅದೇ ವಿಲ್ಲಾರಿಯಲ್ ತಂಡ 2017ರಲ್ಲಿ ಇನ್ನೊಂದು ಪ್ರಯೋಗ ಮಾಡಿತು. ಬೊಜ್ಜಿರುವ 160 ಹಿರಿಯರು. ವ್ಯಾಯಾಮದ ಮೂರು ಗುಂಪಿನವರೂ ತೂಕ ಇಳಿಸಿದರು. ಒಂದು ಗುಂಪಿಗೆ ಏದುಸಿರು ಬರುವ ವ್ಯಾಯಾಮ, ಇನ್ನೊಂದಕ್ಕೆ ಭಾರ ಎತ್ತುವುದು, ಮೂರನೆಯದಕ್ಕೆ ಎರಡೂ. ಸಾಮರ್ಥ್ಯ ಮೊದಲೆರಡರಲ್ಲಿ ತಲಾ ಶೇ 14 ಏರಿತು, ಎರಡೂ ಮಾಡಿದವರಲ್ಲಿ ಶೇ 21. ಕೊಬ್ಬಲ್ಲದ ತೂಕ ಅತಿ ಹೆಚ್ಚು ಕಳೆದುಕೊಂಡದ್ದು ಭಾರ ಎತ್ತದ ಮೊದಲ ಗುಂಪು. ಮೂರನೇಮಹಡಿಯ ಅಮ್ಮನಿಗೆ ಬೇಕಾದದ್ದು ಆ ಮೂರನೆಯ ಗುಂಪಿನ ದಾರಿ.

ಜಿಮ್‌ಹುಡುಗ
ನಾನು ಮೊದಲಿನಿಂದ ಹೇಳಬೇಕು ಅಂತಿದ್ದೆ. ಸ್ಕ್ವಾಟ್ ಮತ್ತು ಡೆಡ್‌ಲಿಫ್ಟ್. ಅಷ್ಟೇ. ಎಲ್ಲ ಸರಿಹೋಗುತ್ತದೆ 💪

ತೂಕದಕಲ್ಲು
71 ವರ್ಷದ, ಮಂಡಿ ಸವೆದ ಹೆಂಗಸಿಗೆ ಡೆಡ್‌ಲಿಫ್ಟಾ? ಆಂಬುಲೆನ್ಸಿನ ನಂಬರನ್ನೂ ಜೊತೆಗೆ ಹಾಕಿಬಿಡಿ.

ಫಿಸಿಯೋಅಕ್ಕ
ಹುಡುಗ ಹೇಳಿದ ರೀತಿ ಒರಟು, ವಿಷಯ ತಪ್ಪಲ್ಲ. ಕುರ್ಚಿಯಿಂದ ಏಳುವುದೇ ಒಂದು ಸ್ಕ್ವಾಟ್. ನೆಲದಿಂದ ಚೀಲ ಎತ್ತುವುದೇ ಡೆಡ್‌ಲಿಫ್ಟ್. ವಯಸ್ಸಾದವರು ಹೇಗೂ ದಿನಾ ಮಾಡುತ್ತಾರೆ, ಯಾರೂ ಕಲಿಸಿಕೊಡದೆ ಮಾಡುತ್ತಾರೆ.

1990ರ ಒಂದು ಅಧ್ಯಯನ ನಮ್ಮ ಕ್ಷೇತ್ರದವರಿಗೆಲ್ಲ ಬಾಯಿಪಾಠ. ಆರೈಕೆ ಮನೆಯಲ್ಲಿದ್ದ ಹತ್ತು ಜನ, ಸರಾಸರಿ ವಯಸ್ಸು 90. ಎಂಟು ವಾರ ಕಾಲಿಗೆ ಭಾರ ಹಾಕಿ ತರಬೇತಿ ಕೊಟ್ಟರು. ಸುಮ್ನೆ ಕೈಕಾಲು ಆಡಿಸುವುದಲ್ಲ, ನಿಜವಾದ ಭಾರ. ಬಲ ಸರಾಸರಿ ಶೇ 174 ಏರಿತು. ಸಣ್ಣ ಗುಂಪು, ನಿಜ. ಅದೇ ತಂಡ 1994ರಲ್ಲಿ ನೂರು ಜನರ ಮೇಲೆ ಮತ್ತೆ ಮಾಡಿದಾಗಲೂ ಬಲ ದುಪ್ಪಟ್ಟಾಯಿತು.

ಎಪ್ಪತ್ತಾರು
90ರವರಿಗೇ ಆಗುವುದಾದರೆ ನಾನಿನ್ನೂ ಎಳೆಯ ಹುಡುಗ. ಜಿಮ್‌ಹುಡುಗ, ನಿಮ್ಮಲ್ಲಿ ಅತಿ ಸಣ್ಣ ಡಂಬೆಲ್ ಎಷ್ಟು ಕಿಲೋದ್ದು?

ಜಿಮ್‌ಹುಡುಗ
ಒಂದು ಕಿಲೋ ಸರ್. ಗುಲಾಬಿ ಬಣ್ಣದ್ದು. ಯಾರೂ ಮುಟ್ಟುವುದಿಲ್ಲ.

ಎಪ್ಪತ್ತಾರು
ನನಗಾಗಿ ಎತ್ತಿಡಿ.

ಹಸಿರುಬಾಗಿಲು
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮಾವನವರು ಏನೂ ಪಥ್ಯ ಮಾಡದೆಯೇ ಸಣ್ಣಗಾಗುತ್ತಾ ಬಂದರು. ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡು ಬಂದು ನಗುತ್ತಾ ತೋರಿಸಿದರು. ಮನೆಯವರೆಲ್ಲ ಹೊಗಳಿದೆವು. ಆಮೇಲೆ ಬೇರೆ ಯಾವುದಕ್ಕೋ ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ವಿಪರೀತ ಕೆಲಸ ಮಾಡುತ್ತಿದೆ ಎಂದು ಗೊತ್ತಾಯಿತು. ಔಷಧಿ ಶುರುವಾದ ಮೇಲೆ ಸರಿಹೋದರು. ಆದರೆ ಬಹಳ ತಡವಾಗಿತ್ತು, ತೊಡೆ ಸೊರಗಿ ಹೋಗಿತ್ತು.

ಫಿಸಿಯೋಅಕ್ಕ
ಇದನ್ನು ಎಲ್ಲರೂ ಗಮನಿಸಿ. ಪ್ರಯತ್ನ ಮಾಡದೆ ಒಂದು ವರ್ಷದಲ್ಲಿ 4.5 ಕಿಲೋ ಅಥವಾ ತೂಕದ ಶೇ 5 ಇಳಿದರೆ ಡಾಕ್ಟರನ್ನು ನೋಡಲೇಬೇಕು. ವಯಸ್ಸಾದವರು ದುರ್ಬಲರಾಗುತ್ತಿದ್ದಾರಾ ಎಂದು ಗುರುತಿಸಲು 2001ರಲ್ಲಿ ಐದು ಲಕ್ಷಣ ಹೇಳಿದರು. ಅದರಲ್ಲಿ ಮೊದಲನೆಯದೇ ಇದು. ಉಳಿದವು ಸುಸ್ತು, ಹಿಡಿತದ ಬಲ ಕಡಿಮೆ, ನಡಿಗೆ ನಿಧಾನ, ಓಡಾಟ ಕಡಿಮೆ. ಐದರಲ್ಲಿ ಮೂರಿದ್ದರೆ ದುರ್ಬಲತೆ ಇದೆ ಎಂದೇ ಲೆಕ್ಕ. ದಪ್ಪ ಇರುವವರಲ್ಲೂ ಈ ಮೂರು ಇರಬಹುದು, ಮೈ ನೋಡಿ ಮೋಸಹೋಗಬೇಡಿ.

ಕುತೂಹಲಿ
ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಲ್ಲ, ತೂಕ ಇಳಿಸುವುದಕ್ಕೆ. ಅದನ್ನು ವಯಸ್ಸಾದವರು ತೆಗೆದುಕೊಳ್ಳಬಹುದಾ? ನಮ್ಮ ಚಿಕ್ಕಪ್ಪ ಕೇಳುತ್ತಿದ್ದರು. 74 ವರ್ಷ.

ಅಂಕಿಸಂಖ್ಯೆ
ಸೆಮಾಗ್ಲುಟೈಡ್ ತರದ್ದು. ಮಂಡಿ ಸವೆತ ಮತ್ತು ಬೊಜ್ಜು ಎರಡೂ ಇರುವವರ ಮೇಲೆ ಮಾಡಿದ ದೊಡ್ಡ ಪ್ರಯೋಗ 2024ರಲ್ಲಿ ಬಂತು. ನೋವು ಚೆನ್ನಾಗಿಯೇ ಕಡಿಮೆಯಾಯಿತು. ಆದರೆ ಅದರಲ್ಲಿದ್ದವರ ಸರಾಸರಿ ವಯಸ್ಸು 56. ಚಿಕ್ಕಪ್ಪನಿಗಿಂತ ಬಹಳ ಚಿಕ್ಕವರು. ಇಂಥ ಔಷಧಿಗಳಲ್ಲೂ ಇಳಿಯುವ ತೂಕದಲ್ಲಿ ಕಾಲು ಭಾಗದಿಂದ ಶೇ 40ರವರೆಗೆ ಕೊಬ್ಬಲ್ಲದ್ದು ಇರುತ್ತದೆ ಎಂದು ಲೆಕ್ಕ ಇದೆ. ಹಸಿವು ಸತ್ತುಹೋಗುವುದರಿಂದ ಪ್ರೋಟೀನ್ ಕೂಡ ಒಳಗೆ ಹೋಗುವುದಿಲ್ಲ. ತೆಗೆದುಕೊಳ್ಳಬೇಕೋ ಬೇಡವೋ ಡಾಕ್ಟರ್ ಹೇಳಲಿ. ತೆಗೆದುಕೊಂಡರೆ ಭಾರ ಎತ್ತುವ ವ್ಯಾಯಾಮ ಜೊತೆಗಿರಲಿ.

ಬೆಳಗಿನನಡಿಗೆ
ಪ್ರೋಟೀನ್ ಪ್ರೋಟೀನ್ ಅಂತ ಎಲ್ಲರೂ ಕುಣಿಯುತ್ತಿದ್ದೀರಿ. ಕಿಡ್ನಿ ಹೋದರೆ ಯಾರು ಜವಾಬ್ದಾರಿ?

ಫಿಸಿಯೋಅಕ್ಕ
ಕಿಡ್ನಿ ಕಾಯಿಲೆ ಇರುವವರಿಗೆ ಲೆಕ್ಕವೇ ಬೇರೆ, ಅವರು ತಮ್ಮ ಡಾಕ್ಟರ್ ಹೇಳಿದ ಮಿತಿಯಲ್ಲೇ ಇರಬೇಕು. ಉಳಿದ ಹಿರಿಯರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಬೇಕು ಎಂದು 2013ರಲ್ಲಿ ತಜ್ಞರ ತಂಡ ಹೇಳಿದೆ. 76 ಕಿಲೋಗೆ 76ರಿಂದ 91 ಗ್ರಾಂ. ಅರ್ಧ ಊಟದಲ್ಲಿ, ಅದೂ ರಾತ್ರಿ ಉಪವಾಸವಿದ್ದು, ಅಷ್ಟು ಸಿಗುವುದು ಕನಸಿನ ಮಾತು. ಒಂದೇ ಹೊತ್ತಿಗೆ ಸುರಿಯದೆ ಮೂರೂ ಹೊತ್ತಿಗೆ ಹಂಚಿ. ಸಕ್ಕರೆ ಕಾಯಿಲೆ ಇರುವುದರಿಂದ ಕಿಡ್ನಿಯ ಪರೀಕ್ಷೆ ಒಮ್ಮೆ ಮಾಡಿಸಿಕೊಂಡೇ ಶುರು ಮಾಡಿ. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಡುವುದು ಬೇರೆಯದೇ ಅಪಾಯ, ಅದನ್ನೂ ಡಾಕ್ಟರಿಗೆ ಹೇಳಿ.

ಮೂರನೇಮಹಡಿ
ಪರೀಕ್ಷೆ ಮಾಡಿಸಿದೆ. ಮೊದಲೆರಡು ಸಲ ಹೇಗೋ ಎದ್ದರು. ಮೂರನೆಯದಕ್ಕೆ ಕೈ ತಾನಾಗಿಯೇ ಕುರ್ಚಿಯ ಹಿಡಿಗೆ ಹೋಯಿತು. "ಇದು ಲೆಕ್ಕಕ್ಕಿಲ್ಲ" ಎಂದು ಮತ್ತೆ ಕೂತರು. ಐದು ಮುಗಿಯುವ ಹೊತ್ತಿಗೆ 20 ಸೆಕೆಂಡ್ ದಾಟಿತ್ತು. ಕೂರುವಾಗ ಕೊನೆಯ ಅರ್ಧ ಅಡಿ ಧೊಪ್ಪನೆ ಬೀಳುತ್ತಾರೆ. ಅದನ್ನು ಇಲ್ಲಿಯವರೆಗೆ ನಾನು ಗಮನಿಸಿಯೇ ಇರಲಿಲ್ಲ.

ಅಮ್ಮನಿಗೆ ಈ ಚರ್ಚೆ ಓದಿ ಹೇಳಿದೆ. 90 ವರ್ಷದವರ ಕಥೆಗೆ ಮಾತ್ರ ಕಿವಿ ಕೊಟ್ಟರು. ಊಟ ಜಾಸ್ತಿ ಮಾಡಿ ಎಂದರೆ ಕೋಪ. "ಇಷ್ಟು ಕಷ್ಟಪಟ್ಟು ಇಳಿಸಿದ್ದು ನೀರುಪಾಲು ಮಾಡಲಾ?" ಎನ್ನುತ್ತಾರೆ.

ಫಿಸಿಯೋಅಕ್ಕ
ಆ ಧೊಪ್ಪನೆ ಬೀಳುವುದೇ ನಮಗೆ ಬೇಕಾದ ಸುಳಿವು. ಇಳಿಯುವಾಗ ಮೈಯನ್ನು ತಡೆದು ಹಿಡಿಯುವ ಬಲ ತೊಡೆಯಲ್ಲಿಲ್ಲ.

ಹೀಗೆ ಶುರು ಮಾಡಿ. ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಹೆಚ್ಚಿಸಿ. ಅಮ್ಮ ಅಂಚಿಗೆ ಸರಿದು ಕೂರಲಿ. ಪಾದ ಮಂಡಿಗಿಂತ ಸ್ವಲ್ಪ ಹಿಂದೆ ಇರಲಿ. ಮೂಗು ಕಾಲ್ಬೆರಳುಗಳ ಮೇಲೆ ಬರುವವರೆಗೆ ಮುಂದೆ ಬಾಗಲಿ, ಆಮೇಲೆ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಏಳಲಿ. ಹೆಚ್ಚಿನವರು ನೆಟ್ಟಗೆ ಕೂತಲ್ಲಿಂದಲೇ ಮೇಲೇಳಲು ನೋಡುತ್ತಾರೆ, ಅದಕ್ಕೇ ಕೈ ಬೇಕಾಗುತ್ತದೆ. ಎದ್ದ ಮೇಲೆ ನಾಲ್ಕು ಎಣಿಸುತ್ತಾ ನಿಧಾನಕ್ಕೆ ಕೂರಬೇಕು. ಧೊಪ್ಪನೆ ಕೂತರೆ ಆ ಸಲದ ಅರ್ಧ ವ್ಯಾಯಾಮ ಹೋಯಿತು. ಎಂಟು ಹತ್ತು ಸಲ, ಸ್ವಲ್ಪ ವಿಶ್ರಾಂತಿ, ಮತ್ತೊಮ್ಮೆ. ವಾರಕ್ಕೆ ಎರಡು ಮೂರು ದಿನ ಸಾಕು. ಸಲೀಸಾದಾಗ ದಿಂಬು ತೆಗೆಯಿರಿ. ಅದೂ ಸಲೀಸಾದರೆ ಎದೆಗೆ ಏನಾದರೂ ಭಾರ ಅವಚಿ ಹಿಡಿದು ಏಳಲಿ. ಮಂಡಿ ಸ್ವಲ್ಪ ನೊಂದರೆ ಪರವಾಗಿಲ್ಲ. ಮರುದಿನವೂ ನೋವು ಹೆಚ್ಚೇ ಇದ್ದರೆ, ಊದಿಕೊಂಡರೆ, ಕಡಿಮೆ ಮಾಡಿ. ಹತ್ತಿರದ ಫಿಸಿಯೋ ಒಬ್ಬರು ಒಮ್ಮೆ ಕಣ್ಣಾರೆ ನೋಡಿದರೆ ಇನ್ನೂ ಒಳ್ಳೆಯದು.

ಇಳಿಸಿದ ತೂಕವನ್ನು ವಾಪಸ್ ತರಲು ಯಾರೂ ಹೇಳುತ್ತಿಲ್ಲ ಎಂದು ಅಮ್ಮನಿಗೆ ಹೇಳಿ. 76ರಲ್ಲೇ ನಿಲ್ಲಲಿ. ಬಲ ಬಂದ ಮೇಲೆ ಬೇಕಿದ್ದರೆ ನಿಧಾನಕ್ಕೆ ಇನ್ನಷ್ಟು ಇಳಿಸಬಹುದು.

ತೂಕದಕಲ್ಲು
"76ರಲ್ಲೇ ನಿಲ್ಲಲಿ" ಎಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಈ ಚರ್ಚೆ ಓದಿದವರು "ತೂಕ ಇಳಿಸಬಾರದಂತೆ" ಎಂದುಕೊಂಡು ಹೋಗದಿದ್ದರೆ ಸಾಕು. ನನ್ನ ಅಣ್ಣ ಹಾಗೇ ನೆಪ ಹುಡುಕಿ ನೂರು ಕಿಲೋ ದಾಟಿ ಕೂತಿದ್ದಾನೆ. ಮಾತೆತ್ತಿದರೆ "ನನ್ನದು ಗಟ್ಟಿ ಮೈ" ಎನ್ನುತ್ತಾನೆ. ಒಂದು ಮಹಡಿ ಹತ್ತುವಾಗ ಎರಡು ಕಡೆ ನಿಂತು ಫೋನ್ ನೋಡುವ ನಾಟಕ ಮಾಡುತ್ತಾನೆ.

ಅಂಕಿಸಂಖ್ಯೆ
ಗಟ್ಟಿ ಮೈ ಎಂಬುದೂ ಅರ್ಧ ನಿಜವೇ. ಭಾರ ಹೊತ್ತು ಹೊತ್ತು ದಪ್ಪ ಇರುವವರ ಕಾಲಿನಲ್ಲಿ ಒಟ್ಟು ಬಲ ಜಾಸ್ತಿಯೇ ಇರುತ್ತದೆ. ಆದರೆ ಮೈಯ ಪ್ರತಿ ಕಿಲೋಗೆ ಎಷ್ಟು ಎಂದು ಭಾಗಿಸಿದರೆ ಕಡಿಮೆ ಬರುತ್ತದೆ. ಮೆಟ್ಟಿಲು ಕೇಳುವುದು ಆ ಎರಡನೆಯ ಲೆಕ್ಕವನ್ನು.

ನಡಿಗೆ ಮಾಡುವವರು ಬೇಜಾರಾಗಬೇಡಿ, ನಿಮಗೂ ಒಂದು ಇದೆ. 2014ರಲ್ಲಿ ಬಂದ ಅಧ್ಯಯನ, 70ರಿಂದ 89 ವರ್ಷದ, ಕೂತೇ ಕಾಲ ಕಳೆಯುತ್ತಿದ್ದ 1,635 ಜನ. ಒಂದು ಗುಂಪಿಗೆ ನಡಿಗೆ ಮುಖ್ಯ, ಜೊತೆಗೆ ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮ. ಇನ್ನೊಂದಕ್ಕೆ ಬರೀ ಆರೋಗ್ಯದ ಪಾಠ. ಸರಾಸರಿ 2.6 ವರ್ಷದಲ್ಲಿ 400 ಮೀಟರ್ ನಡೆಯಲಾಗದ ಸ್ಥಿತಿಗೆ ಬಂದವರು ಮೊದಲ ಗುಂಪಿನಲ್ಲಿ ಶೇ 30.1, ಎರಡನೆಯದರಲ್ಲಿ ಶೇ 35.5.

ಬೆಳಗಿನನಡಿಗೆ
ನೋಡಿದಿರಾ, ನಡಿಗೆ!

ಮಂಡಿಪುರಾಣ
"ಜೊತೆಗೆ ಕಾಲಿನ ಬಲ" ಎಂಬ ಮಾತು ನಿಮ್ಮ ಕಣ್ಣಿಗೆ ಬೀಳಲೇ ಇಲ್ಲ.

ಕುತೂಹಲಿ
ಮಾಂಸಖಂಡ ಶೇಕಡಾ ಎಷ್ಟು ಎಂದು ತೋರಿಸುವ ತೂಕದ ಯಂತ್ರ ಬರುತ್ತದಲ್ಲ, ಅದನ್ನು ಚಿಕ್ಕಪ್ಪನಿಗೆ ಕೊಡಿಸಲಾ?

ಅಂಕಿಸಂಖ್ಯೆ
ಅದು ಮೈಯೊಳಗೆ ಸಣ್ಣ ವಿದ್ಯುತ್ ಹರಿಸಿ ನೀರಿನ ಲೆಕ್ಕದಲ್ಲಿ ಊಹೆ ಮಾಡುತ್ತದೆ. ಬೆಳಗ್ಗೆ ಒಂದು ಸಂಖ್ಯೆ, ನೀರು ಕುಡಿದ ಮೇಲೆ ಇನ್ನೊಂದು. ಪೇಸ್‌ಮೇಕರ್ ಇದ್ದರೆ ಬಳಸಲೇಬಾರದು. ಟೇಪ್ ತಂದು ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ ನೋಡಿ. ಏಷ್ಯಾದ ಗುಂಪಿನ ಪ್ರಕಾರ ಗಂಡಸರಿಗೆ 34 ಸೆಂಟಿಮೀಟರ್, ಹೆಂಗಸರಿಗೆ 33ಕ್ಕಿಂತ ಕಡಿಮೆ ಇದ್ದರೆ ಮುಂದಿನ ಪರೀಕ್ಷೆ ಮಾಡಿಸಬೇಕು.

ಎಪ್ಪತ್ತಾರು
29. ಅಳೆದದ್ದೇ ದಂಡ. ಗುಲಾಬಿ ಡಂಬೆಲ್ ಎಲ್ಲಿ?

ಫಿಸಿಯೋಅಕ್ಕ
ಕಾಲಿನಲ್ಲಿ ಊತ ಇರುವವರು ಈ ಅಳತೆಯನ್ನು ನಂಬಬೇಡಿ, ನೀರು ಸೇರಿ ದಪ್ಪ ತೋರಿಸುತ್ತದೆ. ಎಪ್ಪತ್ತಾರು ಸರ್, ನಿಮಗೆ ಡಂಬೆಲ್‌ಗಿಂತ ಮೊದಲು ಕುರ್ಚಿ. ದಿಂಬು ಬೇಕಾಗಲಿಕ್ಕಿಲ್ಲ. ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸಿದ್ದೀರಾ?

ಎಪ್ಪತ್ತಾರು
ಇಲ್ಲ. ಯಾರೂ ಹೇಳಲಿಲ್ಲ ಎಂದೆನಲ್ಲ.

ಫಿಸಿಯೋಅಕ್ಕ
ನಾನು ಹೇಳುತ್ತಿದ್ದೇನೆ. ಈ ವಾರವೇ ಡಾಕ್ಟರನ್ನು ಕೇಳಿ. ಅಲ್ಲಿಯವರೆಗೆ ಬೆನ್ನು ಬಗ್ಗಿಸಿ ನೆಲದಿಂದ ಭಾರ ಎತ್ತಬೇಡಿ.

ಸುಮ್ನೆಓದುಗ
ಚಕ್ರ ಇರುವ ಆಫೀಸ್ ಕುರ್ಚಿಯಲ್ಲಿ ಇದನ್ನೆಲ್ಲ ಮಾಡಬಹುದಾ? ಒಬ್ಬ ಸ್ನೇಹಿತ ಕೇಳುತ್ತಿದ್ದಾನೆ.

ಫಿಸಿಯೋಅಕ್ಕ
ಬೇಡ. ಸ್ನೇಹಿತನಿಗೆ ಊಟದ ಮೇಜಿನ ಕುರ್ಚಿ ಎಳೆದುಕೊಳ್ಳಲು ಹೇಳಿ.